ಲಿಗೋರಿ ಬಾಬ್ ಹುಡುಕಿದ ಮನುಷ್ಯ

ನಮ್ಮ ಸಭೆಯ ಹಾಲಿನಲ್ಲಿ ಈಗ ಗೋಡೆಯ ತುಂಬ ಫೋಟೋಗಳಿವೆ. ಅಧ್ಯಕ್ಷರಾಗಿದ್ದವರು, ಖಜಾಂಚಿಗಳಾಗಿದ್ದವರು, ಒಂದು ಫ್ಯಾನು ದಾನ ಮಾಡಿ ಫೋಟೋ ಸಂಪಾದಿಸಿಕೊಂಡವರು ಎಲ್ಲರೂ ಇದ್ದಾರೆ. ಇಪ್ಪತ್ತೆರಡು ವರ್ಷ ಬಡವರ ಮನೆಗಳ ಮೆಟ್ಟಿಲು ಹತ್ತಿ ಇಳಿದ ಲಿಗೋರಿ ಮಿನೇಜಸ್ ಮಾತ್ರ ಇಲ್ಲ. ಕೇಳಿದರೆ, ಅವರದೊಂದು ಫೋಟೋ ಯಾರ ಬಳಿಯೂ ಇರಲಿಲ್ಲ ಎನ್ನುತ್ತಾರೆ. ಅದು ನಿಜವೇ. ಅವರನ್ನು ನಿಲ್ಲಿಸಿ ಒಂದು ಫೋಟೋ ತೆಗೆಯಬೇಕೆಂದು ಯಾರಿಗಾದರೂ ಅನ್ನಿಸಬೇಕಿತ್ತಲ್ಲ!

ನಮ್ಮದು ಮಾಹಿಮ್ ಕಡೆಯ ಒಂದು ಇಗರ್ಜಿಯ ಗಂಡಸರ ಸಭೆ. ಮಂಗಳೂರು ಕಡೆಯಿಂದ ಬಂದ ಗುಮಾಸ್ತರೇ ಹೆಚ್ಚು, ಜೊತೆಗೆ ಗೋವಾದವರು ಒಂದಿಬ್ಬರು. ಎಲ್ಲ ಸೇರಿ ಹದಿನಾರು ಜನ. ಒಬ್ಬರನ್ನೊಬ್ಬರು ಬ್ರದರ್ ಎಂದು ಕರೆಯುತ್ತಿದ್ದೆವು. ಭಾನುವಾರ ಪೂಜೆ ಮುಗಿದ ಮೇಲೆ ಸಭೆ ಸೇರುವುದು, ಆಮೇಲೆ ಜೋಡಿ ಜೋಡಿಯಾಗಿ ಧಾರಾವಿ, ದಾದರ್ ಕಡೆಯ ಚಾಳುಗಳಿಗೆ ಹೋಗಿ ಕಾಯಿಲೆಯವರನ್ನು, ವಿಧವೆಯರನ್ನು, ಕೆಲಸ ಹೋದವರನ್ನು ನೋಡಿ ಬರುವುದು. ಯಾವ ಜಾತಿ ಎಂದು ಕೇಳುತ್ತಿರಲಿಲ್ಲ. ಆದರೆ ಕಟ್ಟುಪಾಡುಗಳು ಬಿಗಿಯಾಗಿದ್ದವು. ಯಾರೂ ಒಬ್ಬರೇ ಹೋಗುವಂತಿಲ್ಲ, ಇಬ್ಬರಾಗಿಯೇ ಹೋಗಬೇಕು. ಹೋದ ಮನೆಯಲ್ಲಿ ನೀರು ಕೂಡ ಕುಡಿಯಬಾರದು, ಅವರಿಗೆ ಹೊರೆಯಾಗಬಾರದು. ಸಭೆಯಲ್ಲಿ ಅವರ ಹೆಸರೆತ್ತಬಾರದು. ‘ಕಂಡೆವು’ ಅಥವಾ ‘ಕಾಣಲಿಲ್ಲ’ ಎಂದು ಹೇಳಿ, ಬೇಕಾದ್ದೇನೆಂದು ತಿಳಿಸಿದರೆ ಸಾಕು.

ಬರೆದಿಡದ ಕಟ್ಟುಪಾಡು ಇನ್ನೊಂದಿತ್ತು. ನಾವು ನೋಡಿಬರುವವರ ಪಟ್ಟಿಗೆ ಸೇರಿದವನು ನಮ್ಮ ಸಭೆಯಲ್ಲಿ ಕೂರುವುದಿಲ್ಲ. ಗಿರಣಿ ಕೆಲಸ ಹೋಗಿ ನಮ್ಮಿಂದಲೇ ಅಕ್ಕಿ ಪಡೆಯಬೇಕಾಗಿ ಬಂದ ಒಬ್ಬ ಬ್ರದರ್ ಆಮೇಲೆ ನಮ್ಮ ಕಡೆ ತಲೆ ಹಾಕಲಿಲ್ಲ. ಬಾ ಎಂದು ನಾವೂ ಕರೆಯಲಿಲ್ಲ. ನಾನು ಆಗ ಸಭೆಯ ಕಾರ್ಯದರ್ಶಿ. ಕರೆಯದವರಲ್ಲಿ ನಾನೂ ಒಬ್ಬ.

ಲಿಗೋರಿ ಬಾಬ್ ಶಿರ್ವದ ಕಡೆಯವರು. ಹಿರಿಯರ ಹೆಸರಿಗೆ ಬಾಬ್ ಎಂದು ಸೇರಿಸುವುದು ನಮ್ಮ ಕೊಂಕಣಿಯವರ ಪದ್ಧತಿ. ಪರೇಲಿನ ಒಂದು ಗಿರಣಿಯ ಬಣ್ಣದ ಗೋದಾಮಿನಲ್ಲಿ ಅವರು ಸ್ಟೋರ್‌ಕೀಪರ್. ಅವರ ಉಗುರುಸಂದಿ ನೋಡಿ, ಈ ವಾರ ಗಿರಣಿಯಲ್ಲಿ ನೀಲಿಯೋ ಕೆಂಪೋ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಮೂವರು ತಂಗಿಯರನ್ನು ದಡ ಸೇರಿಸುವ ಹೊತ್ತಿಗೆ ಅವರಿಗೆ ನಲವತ್ತಮೂರು ತುಂಬಿತ್ತು. ಇನ್ನು ನನಗೆಂಥ ಮದುವೆ ಎಂದು ಸುಮ್ಮನಾದರು. ಅದು ಬರೀ ಬಾಯಿಮಾತು ಎಂದು ಗುರುತಿಸಿ ಒತ್ತಾಯ ಮಾಡುವವರು ಯಾರೂ ಇರಲಿಲ್ಲ.

ಮಾತು ಬಹಳ ಕಡಿಮೆ. ಅವರ ಜೋಡಿ ಕಾಸ್ಮಿರ್ ತಾವ್ರೊ ಎಂಬವರು ಮಾತಿನ ಮಲ್ಲ. ತಾವ್ರೊ ಹೇಳುತ್ತಿದ್ದರು, ಇವರು ಕೇಳುತ್ತಿದ್ದರು. ಹದಿನಾರು ವರ್ಷ ಆ ಜೋಡಿ ಹಾಗೇ ನಡೆಯಿತು. ಭಾನುವಾರ ಬೆಳಿಗ್ಗೆ ತಾವ್ರೊ ಇವರಿದ್ದ ತಾಂಬೆ ಚಾಳಿನ ಅಂಗಳದಲ್ಲಿ ನಿಂತು ‘ಲಿಗೋರೀ’ ಎಂದು ಕೂಗಿದರೆ ಮೂರೂ ಮಾಳಿಗೆಯವರು ಎದ್ದು ಕೂರಬೇಕು. ೧೯೫೬ರ ಜನವರಿಯಲ್ಲಿ ತಾವ್ರೊಗೆ ರಿಟೈರ್ ಆಯಿತು. ಅವರು ಹೆಂಡತಿ ಮಕ್ಕಳ ಜೊತೆ ಊರಿಗೆ ಹೊರಟುಹೋದರು.

ಅಲ್ಲಿಂದ ಮುಂದೆ ಪ್ರತಿ ಭಾನುವಾರವೂ ಸಭೆ ಮುಗಿದ ಕೂಡಲೇ ಲಿಗೋರಿ ಬಾಬ್ ನನ್ನ ಮೇಜಿನ ಹತ್ತಿರ ಬಂದು, “ನನಗೆ ಜೋಡಿ ಯಾರು?” ಎಂದು ಕೇಳುವರು. ಉಳಿದವರು ಹದಿನಾಲ್ಕು, ಏಳು ಜೋಡಿ, ಲೆಕ್ಕ ಸರಿಯಾಗಿತ್ತು. ಯಾರೂ ತಮ್ಮ ಜೋಡಿ ಮುರಿದುಕೊಳ್ಳಲು ತಯಾರಿರಲಿಲ್ಲ. ಈ ಮೌನಿಯ ಜೊತೆ ಅರ್ಧ ದಿನ ನಡೆಯುವುದಕ್ಕಂತೂ ಯಾರಿಗೂ ಮನಸ್ಸಿರಲಿಲ್ಲ. “ಮುಂದಿನ ವಾರ ನೋಡುವ ಬಾಬ್” ಎನ್ನುತ್ತಿದ್ದೆ. ಅವರು ಕುರ್ಚಿಗಳನ್ನು ಗೋಡೆಗೆ ಸರಿಸಿಟ್ಟು ಮನೆಗೆ ಹೋಗುತ್ತಿದ್ದರು. ಆರು ತಿಂಗಳು ಹೀಗೇ ಹೋಯಿತು. ಅಧ್ಯಕ್ಷ ಆಲ್ಬುಕರ್ಕ್ ಒಮ್ಮೆ, “ಅವರಿಗಿನ್ನು ವಿಶ್ರಾಂತಿ ಕೊಡುವ, ಹೆಸರು ತೆಗೆದುಬಿಡುವ” ಎಂದರು. ಅದು ಹೇಗೋ ಲಿಗೋರಿ ಬಾಬ್ ಕಿವಿಗೂ ಬಿತ್ತು. ವಾರದಲ್ಲಿ ಅವರಿಗೆ ಅಂತ ಇದ್ದದ್ದು ಈ ಒಂದು ಭಾನುವಾರ. ಅದೂ ಹೋಗುವುದರಲ್ಲಿತ್ತು.

ಜುಲೈಯಲ್ಲಿ ಹೊಸದಾಗಿ ಬಂದಿದ್ದ ಫಾದರ್ ನನ್ನ ಕೈಗೊಂದು ಚೀಟಿ ಕೊಟ್ಟರು. ಬುಧವಾರದ ನೊವೆನ ಪ್ರಾರ್ಥನೆಗೆ ಹಿಂದೂ ಹೆಂಗಸರೂ ಮೇಣದಬತ್ತಿ ಹಚ್ಚಲು ಬರುತ್ತಿದ್ದರು. ಅವರಲ್ಲೊಬ್ಬಳು ಹೇಳಿದ್ದನ್ನು ಫಾದರ್ ಬರೆದುಕೊಂಡಿದ್ದರು. ತಾಂಬೆ ಚಾಳಿನಲ್ಲಿ ವಯಸ್ಸಾದವರೊಬ್ಬರು ಇದ್ದಾರೆ. ಯಾರೂ ಇಲ್ಲ, ಯಾರೂ ಬರುವುದಿಲ್ಲ. ಹೇಳಿದವಳು ಅದೇ ಚಾಳಿನ ಕೆಳ ಅಂತಸ್ತಿನ, ಉಡುಪಿ ಕಡೆಯ ಶೀಲಾವತಿ. ಇಷ್ಟೇ.

“ಬಾಬ್, ಇದು ನಿಮ್ಮದೇ ಚಾಳು” ಎಂದು ಚೀಟಿಯನ್ನು ಲಿಗೋರಿ ಬಾಬ್ ಕೈಗಿಟ್ಟೆ. ಅವರ ಮುಖ ಅರಳಿತು. ಆದರೆ ಕಟ್ಟುಪಾಡಿನ ಮನುಷ್ಯ. “ಒಬ್ಬನೇ ಹೋಗಬಹುದಾ?” ಎಂದು ಕೇಳಿದರು. ಹುಡುಕುವುದು ಬೇರೆ, ಭೇಟಿ ಬೇರೆ, ಮೊದಲು ಹುಡುಕಿ ಬನ್ನಿ, ಆಮೇಲೆ ಜೋಡಿ ಕೊಡುತ್ತೇವೆ ಎಂದು ನಾನೇ ಒಂದು ದಾರಿ ತೋರಿಸಿದೆ. ಮುಂದೆ ನಡೆದದ್ದನ್ನು ಅವರೇ ಬಹಳ ದಿನಗಳ ನಂತರ ನನಗೆ ಹೇಳಿದರು.

ಮಂಗಳವಾರ ಸಂಜೆ ಗಿರಣಿಯಿಂದ ಬಂದವರೇ ಮುಖ ತೊಳೆದು, ಭಾನುವಾರದ ಕೋಟು ಹಾಕಿಕೊಂಡು ಹೊರಟರಂತೆ. ಶೀಲಾವತಿಯ ಗಂಡ ಅಣ್ಣು ಹೋಟೆಲಿನಲ್ಲಿ ಅಡುಗೆಯವನು, ಶುಕ್ರವಾರ ಮಾತ್ರ ರಜೆ. ಗಂಡ ಇಲ್ಲದ ಹೊತ್ತಿನಲ್ಲಿ ಹೆಂಗಸಿನ ಬಾಗಿಲು ತಟ್ಟುವುದು ಇವರಿಗೆ ಸರಿಕಾಣಲಿಲ್ಲ. ಹಾಗಾಗಿ ಎರಡನೇ ಮಾಳಿಗೆಯಿಂದ ಶುರುಮಾಡಿದರು. ಅಲ್ಲಿ ಧಾರವಾಡ ಕಡೆಯ ರೈಲ್ವೆ ಗುಮಾಸ್ತ ಗದಿಗೆಪ್ಪ ಬಾಗಿಲು ತೆಗೆದ.

“ಬರ್ರಿ ಬರ್ರಿ, ಒಳಗ ಬರ್ರಿ! ಹನ್ನೆರಡು ವರ್ಷ ಆತು ನಾವು ಇಲ್ಲಿಗೆ ಬಂದು, ನೀವು ನಮ್ಮ ಬಾಗಲಕ್ಕ ಬಂದದ್ದು ಇದ ಮೊದಲ ನೋಡ್ರಿ. ಒಂದೀಟು ಚಾ ಕುಡೀರಿ.”

“ಬೇಡ, ಬೇಡ” ಎಂದರು ಲಿಗೋರಿ ಬಾಬ್, ಹೊಸಿಲಿನಾಚೆಯೇ ನಿಂತು. ಸಭೆಯ ಕಟ್ಟುಪಾಡು ಅವರಿಗೆ ಮೈಗಂಟಿಹೋಗಿತ್ತು. ಯಾರ ಮನೆಯಲ್ಲೂ ಏನನ್ನೂ ಬಾಯಿಗಿಡುತ್ತಿರಲಿಲ್ಲ. “ಈ ಚಾಳಿನಲ್ಲಿ ಯಾರೂ ಇಲ್ಲದ ವಯಸ್ಸಾದವರೊಬ್ಬರು ಇದ್ದಾರಂತೆ. ನಿಮಗೆ ಗೊತ್ತುಂಟಾ?”

ಗದಿಗೆಪ್ಪ ಏನೋ ಹೇಳಲು ಬಾಯಿ ತೆರೆದ. ಇವರ ಮುಖ ನೋಡಿದ. ಆಮೇಲೆ ಕತ್ತು ತುರಿಸಿಕೊಂಡು, “ಕೆಳಗ ಮುರಿಗೆಪ್ಪಜ್ಜ ಅದಾನಲ್ರಿ, ಅವನ ಇರಬೇಕು” ಎಂದ.

ಮೊದಲ ಮಾಳಿಗೆಯ ಗ್ಯಾಲರಿಯಲ್ಲಿ ಮುರಿಗೆಪ್ಪಜ್ಜ ಡಬ್ಬಿಯೊಂದರ ಮೇಲೆ ಒಬ್ಬನೇ ಕೂತಿದ್ದ. ಲಿಗೋರಿ ಬಾಬ್‌ಗೆ ಸಿಕ್ಕೇಬಿಟ್ಟನೆಂದು ಖುಷಿಯಾಯಿತು. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, “ಅಜ್ಜ, ನಿಮಗೆ ಯಾರೂ ಇಲ್ಲವಾ?” ಎಂದು ಮೆಲ್ಲಗೆ ಕೇಳಿದರು. ಅಜ್ಜ ಬಾಯಿ ತೆರೆಯುವ ಮೊದಲೇ ಅವನ ಸೊಸೆ ಶರಣವ್ವ ಹಿಟ್ಟು ಮೆತ್ತಿದ ಕೈಯಲ್ಲಿ ಹೊರಗೆ ಬಂದಳು.

“ಯಾರ್ ಹೇಳಿದ್ರಿ ನಿಮಗ, ನಮ್ಮ ಮಾವಗ ಯಾರೂ ಇಲ್ಲಂತ? ಎರಡೂ ಹೊತ್ತು ಬಿಸಿ ರೊಟ್ಟಿ ಬಡದು ಹಾಕಾಕಿ ನಾ ಯಾರು ಮತ್ತ?”

ಅಜ್ಜ ಬೊಚ್ಚುಬಾಯಿ ಬಿಟ್ಟು ನಕ್ಕ. ಲಿಗೋರಿ ಬಾಬ್ ತಪ್ಪಾಯಿತೆಂದು ಕೈಮುಗಿದು ಮೇಲೆ ಹತ್ತಿದರು.

ಶುಕ್ರವಾರ ಸಂಜೆ ಅಣ್ಣು ಬಾಗಿಲಲ್ಲೇ ಕೂತು ಬೀಡಿ ಸೇದುತ್ತಿದ್ದ. ಲಿಗೋರಿ ಬಾಬ್ ಚೀಟಿ ತೋರಿಸಿ ತಾವು ಯಾವ ಸಭೆಯವರೆಂದು ಹೇಳಿದರು. “ಅಮ್ಮ, ನೀವು ಫಾದರ್ ಹತ್ತಿರ ಹೇಳಿದವರು ಯಾರು? ಮೇಲೆ ಕೇಳಿ ನೋಡಿದೆ, ಸಿಕ್ಕಲಿಲ್ಲ.”

ಶೀಲಾವತಿ ಗಂಡನ ಮುಖ ನೋಡಿದಳು. “ನೀವು ಆ ಸಭೆಯವ್ರು ಅಂತ ನಂಗೆ ಗೊತ್ತೇ ಇರ್ಲಿಲ್ಲ ಮಾರಾಯ್ರೆ” ಎಂದಳು.

“ಅದಕ್ಕೇನು? ಅವರ ಕೋಣೆ ಯಾವುದು ಹೇಳಿ.”

“ಮೂರನೇ ಮಾಳಿಗೆ. ಕೊನೇ ಕೋಣೆ.”

“ಅಲ್ಲಿ ಇರುವುದು ನಾನು” ಎಂದರು ಲಿಗೋರಿ ಬಾಬ್.

“ಹೌದು” ಎಂದಳು ಶೀಲಾವತಿ. ಆಮೇಲೆ ಅವಸರವಸರವಾಗಿ ಹೇಳತೊಡಗಿದಳು. “ಬೇಜಾರು ಮಾಡ್ಬೇಡಿ. ಆದಿತ್ಯವಾರ ಕೆಳಗೆ ನಿಂತು ಕರೀತಿದ್ರಲ್ಲ ಒಬ್ರು, ಅವ್ರು ಈಗ ಬರುದೇ ಇಲ್ಲ. ಮೊನ್ನೆ ನಿಮ್ಗೆ ಜ್ವರ ಬಂದು ನಾಲ್ಕು ದಿನ ಬಾಗಿಲು ಹಾಕ್ಕೊಂಡೇ ಇದ್ರಿ. ನಾನು ಗಂಜಿ ತಂದ್ರೆ ಒಳಗಿಂದ್ಲೇ ಬೇಡ ಅಂದ್ರಿ. ನಮ್ಮ ಕೈದು ತಿನ್ನುದಿಲ್ವೋ ಏನೋ ಅಂತ, ನಿಮ್ಮ ಜನಕ್ಕೇ ಹೇಳುವ ಅಂತ ಹೇಳಿದೆ. ತಪ್ಪಾಯ್ತಾ?”

ಲಿಗೋರಿ ಬಾಬ್ ಇಲ್ಲ ಎನ್ನುವಂತೆ ತಲೆಯಾಡಿಸಿ ಮೇಲೆ ಹೋದರು. ಕೋಟು ಬಿಚ್ಚದೆ ಮಂಚದ ಮೇಲೆ ಕೂತರು. ಮೊದಲು ಬಂದದ್ದು ಸಿಟ್ಟು. ಇಪ್ಪತ್ತೆರಡು ವರ್ಷ ಪಟ್ಟಿ ಹಿಡಿದು ತಿರುಗಿದವನು ನಾನು, ನನ್ನನ್ನು ಪಟ್ಟಿಗೆ ಹಾಕುವುದಾ? ಉಣ್ಣಲು ಇದೆ, ಉಡಲು ಇದೆ, ಯಾರ ಮುಂದೆಯೂ ಕೈ ಒಡ್ಡಿಲ್ಲ. ಭಾನುವಾರ ಎದ್ದು ನಿಂತು ‘ಕಾಣಲಿಲ್ಲ’ ಎಂದು ಹೇಳಿಬಿಡುತ್ತೇನೆ, ಅಲ್ಲಿಗೆ ಮುಗಿಯಿತು ಎಂದುಕೊಂಡರು.

ಶನಿವಾರ ಗಿರಣಿ ಅರ್ಧ ದಿನ. ಮೂರು ಗಂಟೆಗೇ ಮನೆ ಸೇರಿದರು. ಹೊರಗೆ ಮಳೆ. ಬಾಗಿಲು ತೆರೆದಿಟ್ಟು ಕೂತರು. ಚಾಳಿನಲ್ಲಿ ಶನಿವಾರ ಸಂಜೆ ಎಂದರೆ ಒಂದೇ ಗಲಾಟೆ, ಮೆಟ್ಟಿಲ ಮೇಲೆ ಹೋಗಿಬರುವವರಿಗೆ ಲೆಕ್ಕವಿಲ್ಲ. ಆದರೆ ಒಬ್ಬರ ಹೆಜ್ಜೆಯೂ ಅವರ ಬಾಗಿಲ ತನಕ ಬರಲಿಲ್ಲ. ಅದು ಹೊಸದೇನೂ ಅಲ್ಲ, ಅಂದು ಮಾತ್ರ ಕೂತು ಕೇಳಿಸಿಕೊಂಡರು. “ದೀಪ ಹಚ್ಚುವ ಹೊತ್ತಿಗೆ ನನಗೆ ಅಳು ಬಂತು” ಎಂದು ನನ್ನ ಬಳಿ ಹೇಳುವಾಗಲೂ ಅವರಿಗೆ ನಾಚಿಕೆಯಾಗಿತ್ತು.

ಭಾನುವಾರ ಅಧ್ಯಕ್ಷರು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. “ಬ್ರದರ್ ಲಿಗೋರಿ, ತಾಂಬೆ ಚಾಳು?”

ಅವರು ಎದ್ದು ನಿಂತರು. “ಕಂಡೆ” ಎಂದರು.

“ಕಾಯಿಲೆಯವರಾ?”

“ಅಲ್ಲ.”

“ಊಟಕ್ಕೆ ತೊಂದರೆಯಾ?”

“ಇಲ್ಲ. ಕೆಲಸವೂ ಉಂಟು.”

“ಮತ್ತೆ ನಮ್ಮಿಂದ ಏನು ಬೇಕಂತೆ?”

ಲಿಗೋರಿ ಬಾಬ್ ಹೇಳಿದರು. “ಯಾರಾದರೂ ಬಂದು ಒಂದು ಗಳಿಗೆ ಕೂತರೆ ಸಾಕು.”

ಕೈಯಿಂದ ಖರ್ಚಿಲ್ಲದ ಕೆಲಸವೆಂದು ಅಧ್ಯಕ್ಷರಿಗೆ ಖುಷಿಯಾಯಿತು. “ಹಾಗಾದರೆ ಪಟ್ಟಿಗೆ ಸೇರಿಸುವ. ನಿಮ್ಮದೇ ಚಾಳು, ನೀವೇ ನೋಡಿಕೊಳ್ಳಿ. ಇವತ್ತು ನಿಮಗೊಬ್ಬ ಜೋಡಿಯನ್ನೂ ಕೊಡುತ್ತೇನೆ, ಕಾರ್ಯದರ್ಶಿಗಳೇ ಬರಲಿ” ಎಂದು ನನ್ನ ಕಡೆ ಕೈ ತೋರಿಸಿದರು.

ಆರು ತಿಂಗಳಿಂದ ಅವರು ನನ್ನ ಮೇಜಿನ ಮುಂದೆ ನಿಂತು ಕೇಳಿದ್ದು ಇದನ್ನೇ. ನಾನು ಟೋಪಿ ಕೈಗೆತ್ತಿಕೊಂಡೆ. ಲಿಗೋರಿ ಬಾಬ್ ಅಲ್ಲಾಡಲಿಲ್ಲ.

“ಬೇಡ” ಎಂದರು. “ಅಲ್ಲಿಗೆ ನಾನು ಹೋಗುವಂತಿಲ್ಲ. ಬೇರೆ ಇಬ್ಬರನ್ನು ಕಳಿಸಿ.”

“ಯಾಕೆ? ನೀವೆಲ್ಲಿರುತ್ತೀರಿ?” ಎಂದು ಆಲ್ಬುಕರ್ಕ್ ಬೇಸರದಿಂದ ಕೇಳಿದರು.

“ನಾನು ಮನೆಯಲ್ಲಿರುತ್ತೇನೆ” ಎಂದರು ಲಿಗೋರಿ ಬಾಬ್. “ಮೂರನೇ ಮಾಳಿಗೆ, ಕೊನೇ ಕೋಣೆ.”