ಮಾವನ ಬೆರಳಿನ ಹದ

ಆಲೆಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಅನ್ನುವುದು ನಮ್ಮ ಕಡೆಯ ಕಟ್ಟಳೆ. ದಾರಿಹೋಕನಿಗೂ ಒಂದು ಲೋಟ ಕಬ್ಬಿನ ಹಾಲು, ಒಂದು ಉಂಡೆ ಬಿಸಿ ಬೆಲ್ಲ ಸಿಗಬೇಕು. ನಾವು ಕೆಟ್ಟಿದ್ದೂ ಅದರಿಂದಲೇ.

ಬೆಸಗರಹಳ್ಳಿ ಹತ್ತಿರ ಯಜಮಾನರೊಬ್ಬರ ಆಲೆಮನೆಯಲ್ಲಿ ನನ್ನ ಸೋದರಮಾವ ನಲವತ್ತು ವರ್ಷದಿಂದ ಬೆಲ್ಲದ ಹದ ನೋಡುತ್ತಿದ್ದ. ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, "ಇಳಿಸ್ರಲಾ!" ಎಂದು ಕೂಗಿದರೆ ಕೊಪ್ಪರಿಗೆ ಇಳಿಯಬೇಕು, ಒಂದು ಗಳಿಗೆ ಅತ್ತಿತ್ತ ಆಗುವಂತಿಲ್ಲ. ನಾನು ಮದ್ದೂರಿನಲ್ಲಿ ವಿಜ್ಞಾನ ಪಾಠ ಹೇಳುವ ಮೇಷ್ಟ್ರು. ಹದ ಕಂಡುಹಿಡಿಯುವ ಯಂತ್ರ ಮಾಡುತ್ತೇವೆಂದು ಒಂದು ಕಂಪನಿಯ ಎಂಜಿನಿಯರುಗಳು ಬಂದಾಗ ಅವರನ್ನು ಮಾವನ ಹತ್ತಿರ ಕರೆದುಕೊಂಡು ಹೋದವನು ನಾನೇ. "ಯಂತ್ರ ಮೊದಲು ನಿಮ್ಮ ಆಲೆಮನೆಗೇ ಬರುತ್ತೆ, ಅದರ ಮುಂದೆ ಕೂತು ನಡೆಸುವವರೂ ನೀವೇ" ಎಂದು ಮಾವನಿಗೆ ಅಂದರು. ಜವಾಬ್ದಾರಿಯುತ ತಂತ್ರಜ್ಞಾನ ಅನ್ನುವ ಮಾತು ಅವರಿಗೆ ನೀರು ಕುಡಿದಷ್ಟು ಸಲೀಸು. ನಾನು ನಂಬಿದೆ.

ಎರಡು ತಿಂಗಳು ಕ್ಯಾಮೆರಾ ಇಟ್ಟುಕೊಂಡು ಕೂತರು. ಮಾವ ಒಂದನ್ನೂ ಬಚ್ಚಿಡದೆ ಹೇಳಿಕೊಟ್ಟ. ಕೊನೆಗೆ ಇಂಗ್ಲಿಷಿನ ಒಪ್ಪಂದದ ಕಾಗದ ತಂದರು.

"ಏನ್ಲಾ ಬರ್ದವ್ರೆ ಇದ್ರಲ್ಲಿ?"

ಮೇಲಿನ ನಾಲ್ಕು ಸಾಲು ಓದಿದ ನಾನು, "ಏನಿಲ್ಲ ಮಾವ, ಒತ್ತು" ಅಂದೆ.

"ಕೇಳ್ಕೊಂಡು ಬಂದೋರ್ಗೆ ಇಲ್ಲ ಅನ್ನಕ್ಕಾಯ್ತದಾ?" ಎಂದು ಹೆಬ್ಬೆಟ್ಟು ಒತ್ತಿದ. ಹೋಗುವಾಗ ಅವರ ಕಾರಿನ ತುಂಬ ಅಚ್ಚು ಬೆಲ್ಲ. ಉಂಡೂ ಹೋದರು, ಕೊಂಡೂ ಹೋದರು. ಆಮೇಲೆ ನನ್ನ ಫೋನು ಕೂಡ ಎತ್ತಲಿಲ್ಲ.

ಮರುವರ್ಷ ಮಂಡ್ಯದ ಪ್ರದರ್ಶನವೊಂದರಲ್ಲಿ ಯಂತ್ರ ಇಟ್ಟಿದ್ದಾರೆಂದು ಕೇಳಿ ಇಬ್ಬರೂ ಬಸ್ಸು ಹತ್ತಿದೆವು. ಮಾವ ಮದುವೆಗೆ ಹೊರಟವನಂತೆ ಹೊಸ ಪಂಚೆ ಉಟ್ಟಿದ್ದ. ಸಣ್ಣ ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು. ಹದ ಬಂದ ಕೂಡಲೇ ಯಂತ್ರ "ಇಳಿಸ್ರಲಾ!" ಎಂದು ಕೂಗಿತು. ಮಾವನದೇ ದನಿ. ಜನ ಚಪ್ಪಾಳೆ ತಟ್ಟಿದರು. "ಇನ್ನು ಹದ ನೋಡಲು ಆಳು ಬೇಕಿಲ್ಲ" ಎಂದು ಪಕ್ಕದಲ್ಲಿ ಬೋರ್ಡು. ಅದರ ಕೆಳಗೆ ಯಂತ್ರ ಕೊಳ್ಳಲು ಹೆಸರು ಬರೆಸುತ್ತಿದ್ದವರು ನಮ್ಮ ಆಲೆಮನೆಯ ಯಜಮಾನರು! ಕೊಟ್ಟ ಮಾತಿನಲ್ಲಿ ಅರ್ಧವನ್ನು ಮಾತ್ರ ಉಳಿಸಿಕೊಂಡಿದ್ದರು ಕಂಪನಿಯವರು.

ರುಚಿ ನೋಡೋಣವೆಂದು ಮಾವ ಬೆಲ್ಲದ ತಟ್ಟೆಗೆ ಕೈ ಚಾಚಿದ.

"ಮುಟ್ಟಬೇಡಿ, ಅದು ಪ್ರದರ್ಶನಕ್ಕೆ" ಅಂದವನು ಎರಡು ತಿಂಗಳು ನಮ್ಮಲ್ಲಿ ಉಂಡವನೇ. ಮಾವನ ಗುರುತೂ ಅವನಿಗೆ ಹತ್ತಲಿಲ್ಲ. ಅವನ ಮೇಲೆ ಜಗಳಕ್ಕೇ ಹೋದೆ. ಮಾವ ರಟ್ಟೆ ಹಿಡಿದು ಎಳೆದ.

"ಬುಡ್ಲಾ, ಅವ್ರು ಹೊರಗ್ನೋರು."

ವಾಪಸು ಮದ್ದೂರಿನ ಬಸ್ಸು ಹತ್ತಿದೆವು. ಇಳಿಯುವ ಮುಂಚೆ ಮಾವ ನನ್ನ ಮುಖ ನೋಡದೆ ಹೇಳಿದ:

"ನೀನಾರ ಆ ಕಾಗ್ದಾನ ಪೂರ್ತಿ ಓದ್ಬೇಕಾಗಿತ್ತು ಕಣ್ಲಾ."