ವಿಭೂತಿ ಹಚ್ಚಿದ ಅರ್ಧ ಚೀಲ

ನಾನು ಏಳು ವರ್ಷದ ಚಿಕ್ಕವಳಿದ್ದಾಗ ಘಾಟಬೋರಾಳದ ನಮ್ಮ ಮನೆಯಲ್ಲಿ ವರ್ಷದ ಊಟವೆಲ್ಲ ನೆಲದೊಳಗೆ ಇರುತ್ತಿತ್ತು. ನಗಬೇಡಿ ಮಕ್ಕಳೇ, ನಿಜ. ಅಂಗಳದಲ್ಲಿ ಬಾವಿಯಂಥ ಆಳದ ಒಂದು ಕುಣಿ, ಅದಕ್ಕೆ ಹಗೇವು ಎನ್ನುತ್ತಿದ್ದೆವು. ಒಳಗೆಲ್ಲ ಹುಲ್ಲು ಹಾಸಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಅದರ ಮೇಲೆ ಅಕ್ಕ ಮತ್ತು ನಾನು ಕುಂಟಾಟ ಆಡುತ್ತಿದ್ದೆವು.

ಆಗ ಲೇವಿ ಎಂಬುದೊಂದಿತ್ತು. ರೈತ ಬೆಳೆದ ಜೋಳದಲ್ಲಿ ಇಷ್ಟು ಚೀಲ ಎಂದು ಸರ್ಕಾರಕ್ಕೆ, ಸರ್ಕಾರ ಹೇಳಿದ ದರಕ್ಕೆ ಕೊಡಲೇಬೇಕು. ಹುಮನಾಬಾದ ಪೇಟೆಯಲ್ಲಿ ಅದಕ್ಕಿಂತ ಒಳ್ಳೆಯ ದರ ಸಿಗುತ್ತಿತ್ತು. ಹಾಗಾಗಿ ಲೇವಿ ಸಾಹೇಬರ ಜೀಪಿನ ಸದ್ದು ಕೇಳಿದರೆ ಊರಿನ ಬಾಗಿಲುಗಳೆಲ್ಲ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಅಪ್ಪ ಮಾತ್ರ ಮುಚ್ಚುತ್ತಿರಲಿಲ್ಲ. ಬೈಯುತ್ತಿದ್ದ, ಆದರೆ ಬಾಗಿಲು ತೆರೆದಿಟ್ಟುಕೊಂಡು ಬೈಯುತ್ತಿದ್ದ.

ಒಂದು ಬೇಸಿಗೆಯ ಮಧ್ಯಾಹ್ನ ಸಾಹೇಬರು ನಮ್ಮ ಮನೆಗೇ ಬಂದರು, ಜೊತೆಗೊಬ್ಬ ಚಪರಾಸಿ. ಪಡಸಾಲೆಯಲ್ಲಿ ಐದು ಚೀಲ ನಿಂತಿದ್ದವು. ನಾಲ್ಕು ಲೇವಿಗೆ, ಪ್ರತಿ ವರ್ಷದ ಲೆಕ್ಕದಂತೆ. ಐದನೆಯದು ಕಣದಲ್ಲಿ ರಾಶಿ ಮಾಡಿದ ದಿನ ಎಲ್ಲಕ್ಕಿಂತ ಮೊದಲು ತುಂಬಿದ್ದು. ಅದು ಮಠದ ದಾಸೋಹಕ್ಕೆ, ಹಸಿದು ಬಂದವರ ರೊಟ್ಟಿಗೆ. ಅದರ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದವಳು ನಾನೇ. ಹೊಸ ಗೋಣಿಯ ವಾಸನೆ, ಬೆರಳಿಗೆ ಅಂಟಿದ ವಿಭೂತಿಯ ತಂಪು ನನಗಿನ್ನೂ ನೆನಪಿದೆ.

ಆದರೆ ಸಾಹೇಬರ ಕಾಗದದಲ್ಲಿ ಈ ಸಲ ನಮ್ಮ ಮನೆಯ ಹೆಸರಿಗೆ ಐದು ಚೀಲ ಎಂದು ಬರೆದಿತ್ತು. ಚಪರಾಸಿ ವಿಭೂತಿಯ ಚೀಲಕ್ಕೆ ಕೈ ಹಾಕಿದ.

"ಅದು ದೇವರದ್ರಿ," ಎಂದ ಅಪ್ಪ. "ಬೇಕಂದ್ರ ನಮ್ಮ ಹೊಟ್ಟಿದು ತಗೋರಿ, ಹಗೇವಿನಾಗ ಅದ. ಆದರ ನಾಳಿ ಬರ್ರಿ. ಇವತ್ತ ಬಾಯಿ ತೆಗದ್ರ ಇವತ್ತ ಒಳಗ ಇಳಿಯಾಕ ಬರೂದಿಲ್ಲ."

ಸಾಹೇಬರು ನಕ್ಕರು. "ನಾಳಿ ಅನ್ನೋದ್ರಾಗ ಜ್ವಾಳ ನಡಕೊಂಡು ಬ್ಯಾರೆ ಊರಿಗಿ ಹೋಗಿರ್ತದ. ಈ ಆಟ ನಮಗೂ ಗೊತ್ತದ ಯಜಮಾನ್ರ. ಈಗೇ ತೆಗಸ್ರಿ."

ಕಲ್ಲು ಎತ್ತಿದರು. ಮುಗ್ಗಲು ಜೋಳದ ಬೆಚ್ಚನೆಯ ವಾಸನೆ ಮುಖಕ್ಕೆ ಹೊಡೆಯಿತು. ಚಪರಾಸಿ ಪ್ಯಾಂಟು ಮಡಚಿ ಕಾಲು ಇಳಿಬಿಟ್ಟೇಬಿಟ್ಟ. ಅಪ್ಪ ಅವನ ರಟ್ಟೆ ಹಿಡಿದು ಹಿಂದಕ್ಕೆ ಎಳೆದ.

"ಏ ತಮ್ಮಾ, ಮನ್ಯಾಗ ಹೆಂಡ್ರು ಮಕ್ಕಳು ಅದಾರಿಲ್ಲೊ ನಿನಗ?"

ಅಕ್ಕನಿಂದ ಕಂದೀಲು ತರಿಸಿ, ಹಚ್ಚಿ, ಹಗ್ಗ ಕಟ್ಟಿ ಒಳಗೆ ಇಳಿಬಿಟ್ಟ. ಹಗೇವು ತೆರೆದಾಗಲೆಲ್ಲ ಹೀಗೇ ಮಾಡುವುದು. ಮುಚ್ಚಿದ ಕುಣಿಯಲ್ಲಿ ಕೆಟ್ಟ ಗಾಳಿ ಕೂಡಿರುತ್ತದೆ. ಅದು ದೀಪವನ್ನೂ ನುಂಗುತ್ತದೆ, ಮನುಷ್ಯನನ್ನೂ ನುಂಗುತ್ತದೆ. ನಾವು ದೂರದಿಂದಲೇ ಕತ್ತು ಚಾಚಿ ನೋಡಿದೆವು. ಕಂದೀಲು ನಾಲ್ಕು ಮೊಳ ಇಳಿಯಿತು. ದೀಪ ಸಣ್ಣಗಾಯಿತು, ನೀಲಿಯಾಯಿತು, ಆರಿಹೋಯಿತು.

ಚಪರಾಸಿ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟ. ಅವ್ವ ಮೊದಲು ಅವನಿಗೆ, ಆಮೇಲೆ ಸಾಹೇಬರಿಗೆ ಮಜ್ಜಿಗೆ ಕೊಟ್ಟಳು.

ಮಜ್ಜಿಗೆ ಕುಡಿದು ಸಾಹೇಬರು ಮೆತ್ತಗೆ ಹೇಳಿದರು, "ನಾಳಿ ನಾ ಬ್ಯಾರೆ ಊರಿಗಿ ಹೋಗಬೇಕ್ರಿ. ಕಡಿಮಿ ಒಯ್ದ್ರ ಮ್ಯಾಲಿನವರು ನನಗ ಬಿಡೂದಿಲ್ಲ. ದೇವರ ಚೀಲದಾಗ ಅರ್ಧ ಕೊಡ್ರಿ. ನಾಲ್ಕೂವರಿ ಅಂತ ಬರೀತೀನಿ. ಉಳಿದ ಅರ್ಧಕ್ಕ ನಾ ಬೈಸ್ಕೋತೀನಿ."

ಅಪ್ಪ ಒಂದು ಖಾಲಿ ಗೋಣಿ ತಂದು ದೇವರ ಚೀಲದ ಪಕ್ಕ ಇಟ್ಟ. ಆಮೇಲೆ "ಆಗ್ಲಿರಿ" ಎಂದ.

ಅವ್ವನಿಗೆ ತಡೆಯಲಿಲ್ಲ. "ದೇವರಿಗಂತ ಎತ್ತಿಟ್ಟಿದ್ದು ಯಾರರ ಪಾಲು ಮಾಡ್ತಾರೇನ್ರಿ?"

"ಲೇವಿ ಜ್ವಾಳ ಎಲ್ಲಿಗಿ ಹೋಗತದ? ರೇಷನ್ ಅಂಗಡಿಗಿ. ಅಲ್ಲಿ ಚೀಲ ಹಿಡ್ಕೊಂಡು ನಿಂತವರಿಗೂ ಹಸಿವಿ ಆಗತದಲ್ಲ," ಎಂದ ಅಪ್ಪ.

ಅವ್ವ ಮಜ್ಜಿಗೆಯ ಲೋಟ ಎತ್ತಿಕೊಂಡು ಒಳಗೆ ಹೋದಳು. ಒಪ್ಪಿದಳೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ನಾನು ಮಾತ್ರ ದೇವರ ಕೋಣೆಗೆ ಓಡಿ, ವಿಭೂತಿ ತಂದು, ಸರ್ಕಾರಕ್ಕೆ ಹೊರಟ ಅರ್ಧ ಚೀಲಕ್ಕೂ ಮೂರು ಬೆರಳು ಎಳೆದೆ. ಚಪರಾಸಿಗೆ ಆಗ ನಗು ಬಂತು. "ಸರ್ಕಾರಕ್ಕೂ ವಿಭೂತಿ ಹಚ್ಚಿದ್ಯಲ್ಲ ಯವ್ವಾ! ಇನ್ನ ಇದರಾಗ ಒಂದು ಕಾಳೂ ಕದಿಯಾಕ ಬರೂದಿಲ್ಲ ಬಿಡು!" ಸಾಹೇಬರೂ ನಕ್ಕರು.

ಈಗ ನಾನು ಬಸವಕಲ್ಯಾಣದಲ್ಲಿ ನಿಮ್ಮ ಜೊತೆ ಇದ್ದೇನೆ. ಹಗೇವು ಎಂದರೆ ನಿಮಗೆ ಚಿತ್ರ ಬರೆದು ತೋರಿಸಬೇಕು. ಪೇಟೆಯ ದರ ನಾನು ಪೂಜೆ ಮುಗಿಸುವುದರೊಳಗೆ ನಿಮ್ಮ ಅಪ್ಪನ ಮೊಬೈಲಿಗೆ ಬಂದಿರುತ್ತದೆ. ಆಗ ಊರೆಲ್ಲ ಸರ್ಕಾರದ ಕಣ್ಣು ತಪ್ಪಿಸಿ ಕಾಳು ಬಚ್ಚಿಡುತ್ತಿತ್ತು. ಈಗ ನಿಮ್ಮ ಅಪ್ಪ ಸರ್ಕಾರವೇ ಕೊಳ್ಳಲಿ ಎಂದು ಖರೀದಿ ಕೇಂದ್ರದ ಮುಂದೆ ಪಾಳಿ ಹಚ್ಚಿ ನಿಲ್ಲುತ್ತಾನೆ. ಬೈಯುವುದು ಮಾತ್ರ ನಮ್ಮಪ್ಪ ಬೈದಷ್ಟೇ. ಶಿವ ನಮಗೆ ಉಣ್ಣಲು ಕೊರತೆ ಮಾಡಿಲ್ಲ. ನನಗೆ ಅಷ್ಟು ಸಾಕು.

ಮೊನ್ನೆ ಚೀಲಗಳನ್ನು ಟ್ರ್ಯಾಕ್ಟರಿಗೆ ಏರಿಸುವಾಗ ನಿಮ್ಮೊಳಗಿನ ಸಣ್ಣಾಕಿ ವಿಭೂತಿ ಹಿಡಿದು ಓಡಿ ಬಂದಳು. "ಅಜ್ಜಿ, ಇದರಾಗ ದೇವರ ಚೀಲ ಯಾವುದು?"

ನನ್ನ ಕಣ್ಣ ಮುಂದೆ ಆ ಅರ್ಧ ಚೀಲ ಬಂದು ನಿಂತಿತು. "ಎಲ್ಲಕ್ಕೂ ಹಚ್ಚವ್ವ," ಎಂದೆ.

ಮೇಲಿನ ಚೀಲಕ್ಕೆ ಅವಳ ಕೈ ಎಟುಕಲಿಲ್ಲ. ಹೊತ್ತಾಗುತ್ತದೆ, ಪಾಳಿ ತಪ್ಪುತ್ತದೆ ಎಂದು ಬೈಯುತ್ತಲೇ ನಿಮ್ಮ ಅಪ್ಪ ಅವಳನ್ನು ಎತ್ತಿ ಹಿಡಿದ.