ಮಾಸ್ತಿಕಲ್ಲು ಕಿತ್ತ ಬೇಸಿಗೆ

ನಾನು ತುಮಕೂರಿನ ಪೇಟೆಯಲ್ಲಿ ಬೆಳೆದವಳು. ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಗುಬ್ಬಿ ತಾಲ್ಲೂಕಿನ ಕಡಬದ ಹತ್ತಿರದ ಒಂದು ಹಳ್ಳಿಗೆ ಸೊಸೆಯಾಗಿ ಬಂದೆ. ಮನೆದೇವರಿಗೆ ಕೈ ಮುಗಿಸಿದ ಮೇಲೆ ಅತ್ತೆ ನನ್ನನ್ನು ನೇರ ಕೆರೆ ಏರಿಗೆ ಕರೆದುಕೊಂಡು ಹೋದರು. ಅಲ್ಲಿ ನೆಲದಿಂದ ಒಂದು ಕಲ್ಲಿನ ಕೈ ಮೇಲೆದ್ದಿತ್ತು. ಮೊಣಕೈ ಮಡಿಸಿ ಅಂಗೈ ತೋರಿಸುವ ಕೈ, ಮುಂಗೈ ತುಂಬ ಕಲ್ಲಿನ ಬಳೆ. ಗಂಡನ ಚಿತೆಯಲ್ಲಿ ಬೆಂದುಹೋದ ಯಾವಳೋ ಒಬ್ಬಳ ನೆನಪಿಗೆ ಯಾವುದೋ ರಾಜರ ಕಾಲದಲ್ಲಿ ನಿಲ್ಲಿಸಿದ ಮಾಸ್ತಿಕಲ್ಲು. ಊರವರ ಬಾಯಲ್ಲಿ ಮಾಸ್ತ್ಯಮ್ಮ. ಅರಿಶಿನ ಕುಂಕುಮ ಬಳಿದು ಬಳಿದು ಬಳೆಗಳ ಸಂದು ಮುಚ್ಚಿಹೋಗಿತ್ತು.

"ಮಾಂಗಲ್ಯ ಗಟ್ಟಿಯಾಗಿರ್ಲಿ ಅಂತ ಕೇಳ್ಕೋ," ಅಂದರು ಅತ್ತೆ. ಕೇಳಿಕೊಂಡೆ. ಬೆಂದು ಸತ್ತವಳ ಹತ್ತಿರ ಇದನ್ನು ಕೇಳುವುದೇ ಎಂದು ಅನ್ನಿಸಿತು, ಆದರೆ ಹೊಸ ಸೊಸೆ, ಬಾಯಿ ಬಿಡಲಿಲ್ಲ.

ನಮ್ಮ ಜೊತೆ ಬಂದಿದ್ದ ದೊಡ್ಡ ವಾರಗಿತ್ತಿ ಮಾತ್ರ ಏರಿ ಹತ್ತಲಿಲ್ಲ. ಕೆಳಗೆ ಹುಣಸೆಮರದ ಹತ್ತಿರವೇ ನಿಂತಳು. ನನ್ನ ಗಂಡನ ಅಣ್ಣನಿಗೆ ಕೊಟ್ಟವಳು. ಅವರು ತೀರಿಕೊಂಡಾಗ ಅವಳಿಗಿನ್ನೂ ಇಪ್ಪತ್ತು ತುಂಬಿರಲಿಲ್ಲವಂತೆ. ಮಕ್ಕಳಿಲ್ಲ. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ಮಾಸ್ತ್ಯಮ್ಮನ ಪೂಜೆಗೆ ಹೂ ಕಟ್ಟುವವಳು ಅಕ್ಕ, ತಂಬಿಟ್ಟು ಮಾಡುವವಳು ಅಕ್ಕ. ತಟ್ಟೆ ಹಿಡಿದು ಹೋಗುವುದಕ್ಕೆ ಮಾತ್ರ ಮುತ್ತೈದೆಯರೇ ಆಗಬೇಕು. ನನಗೆ ಮೂಗಿನ ತುದಿಯಲ್ಲೇ ಕೋಪ. ಹೂ ಕಟ್ಟಿದಾಗ ಇಲ್ಲದ ದೋಷ ತಟ್ಟೆ ಹಿಡಿದರೆ ಎಲ್ಲಿಂದ ಬರುತ್ತದೆ ಎಂದು ಮರುವರ್ಷ ಕೇಳಿಯೇಬಿಟ್ಟೆ. ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಅಕ್ಕನೇ ಬಂದು, "ಸುಮ್ನಿರೇ, ನಂಗೆ ಅಭ್ಯಾಸ ಆಗೈತೆ," ಅಂದಳು.

ಮುಂದಿನ ಬೇಸಿಗೆಯಲ್ಲಿ ಏರಿ ಮೇಲಿನ ದಾರಿ ಅಗಲ ಮಾಡುವ ಕೆಲಸ ಶುರುವಾಯಿತು. ಕುಣಿಗಲ್ ಕಡೆಯಿಂದ ಆಳುಗಳು ಬಂದಿದ್ದರು. ಮಾಸ್ತಿಕಲ್ಲಿನ ಸಾಲಿನಲ್ಲೇ ನಾಲ್ಕೈದು ವೀರಗಲ್ಲುಗಳಿದ್ದವು. ಕಳ್ಳರಿಂದ ದನ ಬಿಡಿಸಲು ಹೋಗಿ ಸತ್ತವರು, ಊರಿಗಾಗಿ ಕತ್ತಿ ಹಿಡಿದು ಸತ್ತವರ ಕಲ್ಲುಗಳು. ಅವಕ್ಕೆ ಪೂಜೆ ಇರಲಿಲ್ಲ, ಎಮ್ಮೆಗಳು ಮೈ ಉಜ್ಜಿಕೊಳ್ಳುತ್ತಿದ್ದವು. ಒಂದೇ ಬೆಳಿಗ್ಗೆ ಅವೆಲ್ಲ ಸುತ್ತಿಗೆಗೆ ಸಿಕ್ಕಿ ಜಲ್ಲಿಯಾದವು. ನಾನು ನೋಡಿದಾಗ ಒಂದು ಕುದುರೆಯ ಕತ್ತು, ಅದರ ಲಗಾಮು ಹಿಡಿದ ಬೆರಳುಗಳ ಸಮೇತ, ರಾಶಿಯ ಮೇಲೆ ಬಿದ್ದಿತ್ತು. ಮನೆಗೆ ಬಂದು ಹೇಳಿದರೆ ಗಂಡಸರು, "ಹಳೇ ಕಲ್ಲು ಬುಡು," ಅಂದರು.

ಮಾಸ್ತಿಕಲ್ಲಿನ ಮುಂದೆ ಮಾತ್ರ ಸುತ್ತಿಗೆ ನಿಂತಿತು. ಕುಂಕುಮ ಕಂಡು ಮೇಸ್ತ್ರಿ ಹೆದರಿದ್ದ. ಮನೆಗೇ ಬಂದು, "ಯಜಮಾನ್ರೇ, ಇದನ್ನ ನಾವು ಮುಟ್ಟಲ್ಲ. ನೀವೇ ಕಿತ್ಕೊಂಡೋಗಿ. ಇಲ್ಲಾಂದ್ರೆ ಮಣ್ಣು ಹೊಡ್ಸಿ ಮುಚ್ಚಿಬುಡ್ತೀವಿ," ಎಂದು ಮಾವನಿಗೆ ಹೇಳಿ ಹೋದ. ಪೂಜೆ ನಮ್ಮ ಮನೆಯದು, ಹಾಗಾಗಿ ಕೀಳುವುದೂ ನಮ್ಮ ಪಾಲಿಗೇ ಬಂತು. ಮಾಸ್ತಿಯನ್ನು ಕಿತ್ತವರ ಮಾಂಗಲ್ಯ ಉಳಿಯುವುದಿಲ್ಲ ಎಂಬ ಮಾತು ಊರಲ್ಲಿ ಹಿಂದಿನಿಂದಲೂ ಇತ್ತು. ಹೆಂಡತಿಯರು ಗಂಡಂದಿರನ್ನು ಆ ಕಡೆ ತಲೆ ಹಾಕಲು ಬಿಡಲಿಲ್ಲ.

ಆ ಮಧ್ಯಾಹ್ನ ಅಕ್ಕ ನಡುಮನೆಯಲ್ಲಿ ರಾಗಿ ಕೇರುತ್ತಿದ್ದಳು. ಅತ್ತೆ ಅವಳ ಎದುರು ಬಂದು ಕೂತರು.

"ನೀನು ಹೋಗಿ ಕಿತ್ಕೊಂಡು ಬಾರಮ್ಮ. ನಿಂಗೇನು, ಹೋಗೋದೆಲ್ಲಾ ಹೋಗೈತೆ."

ನನ್ನ ಮೈ ಉರಿದುಹೋಯಿತು. ಅತ್ತೆ ಕೆಟ್ಟವರಲ್ಲ, ಆ ಮಾತನ್ನು ಮೆಲ್ಲಗೇ ಆಡಿದ್ದರು. ಅದಕ್ಕೇ ಇನ್ನೂ ಉರಿಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಮೊರ ಕೆಳಗಿಟ್ಟು, "ಆಯ್ತು ಅತ್ತೆ," ಎಂದು ಎದ್ದಳು.

ಹಾರೆ, ಗುದ್ದಲಿ ಅವಳೇ ಹೊತ್ತಳು. ನಾನು ಹಿಂದೆ ಹೋದೆ. ಆದರೆ ಹತ್ತಿರ ಬರಲು ಅಕ್ಕ ಬಿಡಲಿಲ್ಲ, "ನಿಂಗೆ ಗಂಡ ಅವ್ನೆ, ದೂರ ನಿಂತ್ಕೋ," ಅಂದಳು. ಈ ಸಲ ಹುಣಸೆಮರದ ಕೆಳಗೆ ನಿಂತವಳು ನಾನು. ಮೊಣಕಾಲುದ್ದ ಅಗೆದರೂ ಕಲ್ಲು ಮುಗಿಯಲಿಲ್ಲ. ಇನ್ನೂ ಅಗೆದಳು. ಇದ್ದಕ್ಕಿದ್ದಂತೆ ಗುದ್ದಲಿ ಬಿಟ್ಟು ಗುಂಡಿಯೊಳಗೆ ಕೂತುಬಿಟ್ಟಳು. ಏನಾಯಿತೋ ಎಂದು ನಾನು ಓಡಿದೆ.

"ಇಲ್ನೋಡೇ. ಇವಳಿಗೆ ಮುಖ ಐತೆ."

ಕೈಯ ಬುಡದಲ್ಲಿ, ಇಷ್ಟು ಕಾಲ ಮಣ್ಣಲ್ಲಿ ಹೂತುಹೋಗಿದ್ದ ಭಾಗದಲ್ಲಿ, ಒಬ್ಬ ಹೆಂಗಸು ಕೂತಿದ್ದಳು. ತುರುಬು, ಕಿವಿಯ ಓಲೆ, ತುಟಿ, ಎಲ್ಲ ಈಗ ತಾನೇ ಉಳಿ ಎತ್ತಿದ ಹಾಗೆ ಚೂಪಾಗಿದ್ದವು. ಮಳೆ ಬಿಸಿಲು ತಾಗಿರಲಿಲ್ಲವಲ್ಲ. ಊರೆಲ್ಲ ತಲೆತಲಾಂತರದಿಂದ ಬರೀ ಕೈಯನ್ನು ಪೂಜಿಸುತ್ತಿತ್ತು, ಕೈಯವಳನ್ನು ಯಾರೂ ಕಂಡಿರಲಿಲ್ಲ. ಅಕ್ಕ ಬೆವರಿಗೆ ಒದ್ದೆಯಾಗಿದ್ದ ಸೆರಗಿನಿಂದ ಅವಳ ಕಣ್ಣು, ಕೆನ್ನೆ ಒರೆಸಿದಳು. "ಚಿಕ್ಕೋಳು ಕಣೇ," ಎಂದು ಗುಂಡಿಯಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನನಗೂ ಅಳು ಬಂತು. ಆ ಮನೆಗೆ ಬಂದಾಗಿನಿಂದ ಅವಳು ಅತ್ತಿದ್ದನ್ನು ನಾನು ನೋಡಿರಲಿಲ್ಲ.

ಗುಬ್ಬಿಯ ಸಂತೆಗೆ ಹೊರಟಿದ್ದ ಸಾಬರೊಬ್ಬರು ಗಾಡಿ ನಿಲ್ಲಿಸಿ ಕಲ್ಲನ್ನು ಎತ್ತಿಸಿ ತಮ್ಮ ಗಾಡಿಯಲ್ಲೇ ಸಾಗಿಸಿಕೊಟ್ಟರು. ಅದನ್ನು ನಮ್ಮ ತೆಂಗಿನ ತೋಟದ ಬಾವಿ ಹತ್ತಿರ ನಿಲ್ಲಿಸಿದೆವು. ಮೊದಲಿನಷ್ಟೇ ಹೂಳು ಎಂದು ಮಾವ ಹೇಳಿ ಕಳಿಸಿದರೂ ಅಕ್ಕ ಕೇಳಲಿಲ್ಲ. ಮುಖ ಕಾಣುವ ಹಾಗೇ ನಿಲ್ಲಿಸಿದಳು. ಕೆಡುಕು ಏನಾದರೂ ಆಗುತ್ತದೋ ನೋಡೋಣ ಎಂದು ಮುತ್ತೈದೆಯರು ಅತ್ತ ಸುಳಿಯಲಿಲ್ಲ. ಹಾಗಾಗಿ ದಿನಾ ನೀರು ಹಾಕಿ ಅರಿಶಿನ ಕುಂಕುಮ ಇಡುವವಳು ಅಕ್ಕ ಒಬ್ಬಳೇ ಆದಳು. ತೋಟದಿಂದ ಬರುವಾಗ ಅವಳ ಬಾಯಲ್ಲಿ ಸಣ್ಣಗೆ ಒಂದು ಹಾಡಿರುತ್ತಿತ್ತು. ಆ ದಿನಗಳು ಹಾಗೇ ಇರಲಿ ಎಂದು ನಾನು ಆಸೆಪಟ್ಟೆ.

ಎರಡು ವರ್ಷವೂ ಕಳೆಯಲಿಲ್ಲ. ಮಾವನಿಗೆ ಎದೆನೋವು ಬಂತು, ತುಮಕೂರಿಗೆ ಕರೆದೊಯ್ಯುವ ದಾರಿಯಲ್ಲೇ ಪ್ರಾಣ ಹೋಯಿತು.

ಹನ್ನೊಂದನೆಯ ದಿನ ಅತ್ತೆಯ ಬಳೆ ತೆಗೆಸಿದರು. ಮನೆ ತುಂಬ ಹೆಂಗಸರು. ಹೆಬ್ಬೂರಿನಿಂದ ಬಂದಿದ್ದ ಅತ್ತೆಯ ತಂಗಿ ಎಲ್ಲರ ಎದುರು ಅಕ್ಕನ ಕಡೆ ಕೈ ತೋರಿಸಿದರು.

"ಗಂಡನ್ನ ತಿಂದ್ಲು. ಆ ಕಲ್ಲಿಗೆ ಕೈ ಹಾಕಿ ಈಗ ಮಾವನ್ನೂ ತಿಂದ್ಲು. ಅಕ್ಕಯ್ಯಾ, ಮೊದ್ಲು ಇವಳ್ನ ಮನೆಯಿಂದ ಓಡಿಸು."

ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ತವರಿನಲ್ಲಿ ಯಾರೂ ಉಳಿದಿರಲಿಲ್ಲ, ಓಡಿಸಿದರೆ ಬೀದಿಯೇ ಗತಿ. ನಾನು ಕಿರುಚಿಬಿಡುತ್ತಿದ್ದೆನೇನೋ. ಆದರೆ ಆ ಮನೆಯಲ್ಲಿ ಆ ಹೊತ್ತು ನಡೆಯುವುದು ಅತ್ತೆಯ ಮಾತೊಂದೇ. ಅತ್ತೆ ತಮ್ಮ ಬೋಳು ಕೈಗಳನ್ನೇ ನೋಡುತ್ತಿದ್ದರು.

"ಅವಳಾಗಿ ಹೋಗ್ಲಿಲ್ಲ," ಅಂದರು ಕೊನೆಗೆ. "ಕಳಿಸ್ದೋಳು ನಾನು. ನನ್ನ ಮಾಂಗಲ್ಯ ಉಳೀಲಿ ಅಂತ ಅವಳ್ನ ಕಳಿಸ್ದೆ. ಈಗ ಯಾರ್ನ ಓಡಿಸ್ತೀಯ, ಹೇಳು."

ಅಕ್ಕನನ್ನು ಓಡಿಸುವ ಮಾತು ಅಲ್ಲಿಗೆ ಮುಗಿಯಿತು.

ನೆಂಟರೆಲ್ಲ ಹೋದ ಮೇಲೆ ಒಂದು ಬೆಳಿಗ್ಗೆ ನಾನು ಬಾವಿಯಲ್ಲಿ ನೀರು ಸೇದುತ್ತಿದ್ದೆ, ಅಕ್ಕ ಕಲ್ಲಿಗೆ ಹೂ ಇಡುತ್ತಿದ್ದಳು. ಅತ್ತೆ ತೋಟದ ಬೇಲಿಯ ಹತ್ತಿರ ಬಂದು ನಿಂತರು. ಒಳಗೆ ಬರಲಿಲ್ಲ.

"ನಾನು ಮುಟ್ಟಬಹುದೇನಮ್ಮ?" ಎಂದು ಹಿರಿ ಸೊಸೆಯನ್ನು ಕೇಳಿದರು.

ಅಕ್ಕ ಹೋಗಿ ಕೈ ಹಿಡಿದು ಕರೆತಂದಳು, ಕುಂಕುಮದ ಬಟ್ಟಲು ಹಿಡಿದಳು. ಅತ್ತೆ ಬೆರಳಿನಿಂದ ಕಲ್ಲಿನವಳ ಹಣೆಗೆ ಇಟ್ಟರು. ಇಟ್ಟ ಮೇಲೂ ಬೆರಳಿನಲ್ಲಿ ಒಂದಿಷ್ಟು ಉಳಿದಿತ್ತು. ಅದನ್ನು ಅಕ್ಕನ ಹಣೆಯವರೆಗೂ ತಂದರು. ಅಕ್ಕ ಕಣ್ಣು ಮುಚ್ಚಿ ಮುಖ ಎತ್ತಿಕೊಂಡು ನಿಂತಳು. ನನ್ನ ಕೈಯಲ್ಲಿ ಹಗ್ಗ ಹಾಗೇ ನಿಂತಿತ್ತು. ಅತ್ತೆ ತುಂಬ ಹೊತ್ತು ಆ ಮುಖ ನೋಡಿದರು. ಆಮೇಲೆ ಬೆರಳಲ್ಲಿ ಉಳಿದಿದ್ದ ಕುಂಕುಮವನ್ನು ತಮ್ಮ ಸೆರಗಿಗೆ ಒರೆಸಿಕೊಂಡರು.